ಮುರಿದ ಮೇಲೆ ಬಿದ್ದಳು ಅಕ್ಕ

ಗಾಂಧಿ ಬಜಾರಿನಲ್ಲಿ ಅವರೆಕಾಯಿ ಆರಿಸುತ್ತಿದ್ದ ಅಕ್ಕ, ನನ್ನನ್ನು ಕರೆಯಲೆಂದು ಸುಮ್ಮನೆ ಹಿಂದಕ್ಕೆ ತಿರುಗಿದಳು. ಅಷ್ಟೇ. ಒಣಕಟ್ಟಿಗೆ ಮುರಿದಂಥ ಸದ್ದು ನನಗೂ ಕೇಳಿಸಿತು. ಕುಸಿದದ್ದು ಆಮೇಲೆ. ಅವಳು ಎಡವಿರಲಿಲ್ಲ, ಜಾರಿರಲಿಲ್ಲ, ಯಾರೂ ತಾಗಿರಲಿಲ್ಲ.

"ಕಾಲು ಹೋಯ್ತು ಕಣೇ," ಎಂದಳು. ಬಲತೊಡೆ ನಡುವೆ ಬಾಗಿತ್ತು, ಬಾಗಲೇಬಾರದ ಜಾಗದಲ್ಲಿ. ಕಾಯಿ ಮಾರುವಾಕೆ ಗೋಣಿಚೀಲ ಮಡಿಸಿ ಅವಳ ತಲೆಯಡಿ ಇಟ್ಟಳು. ನಾನು ಕೈಯಲ್ಲಿದ್ದ ಚೀಲವನ್ನೂ ಕೆಳಗಿಡದೆ ನಿಂತೇ ಇದ್ದೆ.

ಅಕ್ಕ ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಆಟದ ಮೇಡಂ ಆಗಿದ್ದು ನಿವೃತ್ತಳಾದವಳು. ನಮ್ಮೆಲ್ಲರಿಗಿಂತ ಗಟ್ಟಿ. ಕೆಲವು ತಿಂಗಳಿಂದ ಮೆಟ್ಟಿಲು ಹತ್ತುವಾಗ ತೊಡೆ ನೋಯುತ್ತದೆ ಎನ್ನುತ್ತಿದ್ದಳು. ನರದ ನೋವಿರಬೇಕೆಂದು ಡಾಕ್ಟರೊಬ್ಬರು ಮುಲಾಮು ಬರೆದುಕೊಟ್ಟಿದ್ದರು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಎಕ್ಸ್-ರೇಯನ್ನು ಬಹಳ ಹೊತ್ತು ನೋಡಿದರು.

"ಮೂಳೆ ಗಟ್ಟಿಯಾಗೋ ಮಾತ್ರೆ ಏನಾದ್ರೂ ತಗೋತಿದ್ರಾ?"

ನನಗೆ ಹೆಮ್ಮೆಯೇ ಆಯಿತು. "ಹೂಂ ಡಾಕ್ಟ್ರೇ, ಎಷ್ಟೋ ವರ್ಷದಿಂದ. ಪ್ರತಿ ಸೋಮವಾರ ಖಾಲಿ ಹೊಟ್ಟೇಲಿ. ಒಂದು ವಾರಾನೂ ತಪ್ಪಿಸಿಲ್ಲ."

"ಬಹುಶಃ ಅದರಿಂದಾನೇ," ಎಂದರು.

ನಾನು ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ.

"ತುಂಬಾ ಜನಕ್ಕೆ ಈ ಮಾತ್ರೆ ಒಳ್ಳೇದೇ ಮಾಡುತ್ತೆ. ಆದ್ರೆ ಬಿಡುವೇ ಕೊಡದೆ ವರ್ಷಗಟ್ಟಲೆ ತಗೊಂಡ್ರೆ ಅಪರೂಪಕ್ಕೆ ಕೆಲವರಿಗೆ ಹೀಗಾಗುತ್ತೆ. ಮೂಳೇಲಿ ಬಿದ್ದ ಸಣ್ಣ ಬಿರುಕು ಕೂಡಿಕೊಳ್ಳೋದೇ ಇಲ್ಲ. ಇವರು ಬಿದ್ದು ಮುರ್ಕೊಂಡಿಲ್ಲ ಅಮ್ಮ, ಮುರಿದಿದ್ದಕ್ಕೇ ಬಿದ್ದಿದಾರೆ. ಇನ್ನೊಂದು ಕಾಲೂ ನೋಡ್ಬಿಡೋಣ."

ಎಡತೊಡೆಯ ಮೂಳೆಯ ಹೊರ ಅಂಚಿನಲ್ಲೂ ಕೂದಲೆಳೆಯಂಥ ಗೆರೆಯಿತ್ತು. ಆ ಕಾಲಿನ ಮೇಲೆ ಭಾರ ಹಾಕಿಯೇ ಅವಳು ಬೆಳಗ್ಗೆ ಸ್ಟೂಲ್ ಹತ್ತಿ ಅಟ್ಟದಿಂದ ಡಬ್ಬ ಇಳಿಸಿದ್ದಳು.

ಎರಡೂ ಕಾಲಿಗೆ ಆಪರೇಷನ್ ಬೇಕೆಂದಾಗ ಅಕ್ಕನಿಗೆ ಸಿಟ್ಟು ಬಂತು. "ಮುರೀದೇ ಇರೋ ಕಾಲನ್ನೂ ಕುಯ್ತೀರಾ?"

"ಮುರಿಯೋಕ್ ಮುಂಚೆ ಮೂಳೆಯೊಳಗೆ ರಾಡ್ ಹಾಕಿದ್ರೆ ಬೇಗ ನಡೀತೀರ," ಎಂದರು ಡಾಕ್ಟರು.

ಅವರು ಹೋದ ಮೇಲೆ ಅಕ್ಕ ಗೋಡೆಯ ಕಡೆ ಮುಖ ಮಾಡಿದಳು. "ನಿಲ್ಸಿ ಅಂತ ಯಾರೂ ಹೇಳ್ಲೇ ಇಲ್ವಲ್ಲೇ," ಎಂದಳು.

ಎರಡು ತೊಡೆಗೂ ರಾಡ್ ಹಾಕಿದರು. ಡಾಕ್ಟರು ಹೇಳಿದಂತೆ ಎಡಗಾಲು ಬೇಗ ಸುಧಾರಿಸಿತು. ಬಲಗಾಲಿನ ಮೂಳೆ ಮಾತ್ರ ಕೂಡಿಕೊಳ್ಳಲೇ ಇಲ್ಲ. ಸೊಂಟದಿಂದ ಮೂಳೆಯ ಚೂರು ತೆಗೆದು ಅಲ್ಲಿ ತುಂಬಿ, ಮತ್ತೊಮ್ಮೆ ಆಪರೇಷನ್ ಮಾಡಬೇಕಾಯಿತು. ಮಕ್ಕಳನ್ನು ಮೈದಾನವಿಡೀ ಓಡಿಸಿದವಳು ವಾಕರ್ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡಲಾರದೆ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಕೊನೆಗೂ ಮೂಳೆ ಕೂಡಿತು. ಈಗ ಕೋಲು ಹಿಡಿದು, ತುಸು ಕುಂಟುತ್ತಾ ಓಡಾಡುತ್ತಾಳೆ. ಮೊನ್ನೆ ಕುಕ್ಕರ್ ಕೂಗಿದಾಗ ಕೋಲು ಮರೆತು ಸರಕ್ಕನೆ ತಿರುಗಿ ನಡೆದಳು. ನಾನು ಕಿರುಚಿಬಿಟ್ಟೆ.

"ಏನಾಯ್ತೀಗ?" ಎನ್ನುತ್ತಾ ಒಲೆ ಆರಿಸಿದಳು. ನಾನು ಕೋಲು ತಂದು ಅವಳ ಕೈಗಿತ್ತೆ.