ಐದು ಮಂದಿಗೆ ಎಂಬತ್ತು ವರ್ಷ ಅಡಿಗೆ

ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದಿರುವುದು ಯಾವ ಅಕ್ಷರವೂ ಇಲ್ಲದ ಆ ಉದ್ದನೆಯ ಕೀಲಿ, ಸ್ಪೇಸ್ ಬಾರ್. ಉಳಿದವೆಲ್ಲ ಇನ್ನೂ ಹೊಸದರಂತಿವೆ. ಇದೊಂದು ಮಾತ್ರ ನಡುವೆ ನುಣ್ಣಗಾಗಿ ಹಳೆಯ ಹೊಸ್ತಿಲಿನ ಹಾಗೆ ಹೊಳೆಯುತ್ತದೆ. ಕಾರಣ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ನಾನು ಹಳಿಯಾಳದಲ್ಲಿ ಟೈಪಿಂಗ್ ಕಲಿತವಳು. ಆ ಯಂತ್ರದಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ, ಖಾಲಿ ಜಾಗಕ್ಕೂ ಅಷ್ಟೇ. ಅಂಕಣ ಬೇಕೆಂದರೆ ಎಣಿಸಿ ಒತ್ತುವುದು. ಒಂಬತ್ತು ಸಲ ಒತ್ತಿದರೆ ಒಂಬತ್ತು ಮನೆ ಮುಂದೆ. ಒಮ್ಮೆಗೇ ಜಿಗಿಯಲು ಬೇರೆ ಕೀಲಿಯೂ ಇತ್ತಂತೆ. ನನ್ನ ಪಾಲಿನ ಯಂತ್ರದಲ್ಲಿ ಅದು ಮುರಿದಿತ್ತು. ಹೀಗೆ ಕೈಗೆ ಹತ್ತಿದ ಚಟ ದಾಂಡೇಲಿಯ ಬಂಗೂರನಗರಕ್ಕೆ ಸಂಸಾರ ಮಾಡಲು ಬಂದ ಮೇಲೂ ಬಿಡಲಿಲ್ಲ.

ಲ್ಯಾಪ್‌ಟಾಪ್ ಹಳೆಯದು. ತೆರೆದುಕೊಳ್ಳುವಷ್ಟರಲ್ಲಿ ಅನ್ನ ಆಗಿ ಇಳಿಯುತ್ತಿತ್ತು. ಪಕ್ಕದ ಮನೆಯ ಕಾಲೇಜು ಮೇಷ್ಟ್ರು ನೋಡಿ, "ಇದಕ್ಕ ಇನ್ನೂ ಜೀವ ಐತ್ರಿ, ವಿಂಡೋಸ್ ತಗದು ಲಿನಕ್ಸ್ ಹಾಕೂಣು" ಎಂದರು. ಹಾಕಿದರು, ಓಡಿತು. ಅದರಲ್ಲಿ ನಾನು ಮನೆಯ ದಿನಚರಿ ಬರೆದಿಡುತ್ತೇನೆ: ಕುಕ್ಕರಿನ ರಬ್ಬರ್ ಯಾವತ್ತು ಬದಲಿಸಿದೆ, ಅತ್ತಿವೇರಿ ಪಕ್ಷಿಧಾಮಕ್ಕೆ ಹೋದಾಗ ಯಾವ ಹಕ್ಕಿ ಕಂಡೆ, ಇಂಥವು. ನನ್ನ ಕಡತಗಳೆಲ್ಲ ಅದರದೇ ಓಡಿಟಿ ರೂಪದವು. ಲೋಕ ಕೇಳುವುದು ವರ್ಡಿನ ಡಾಕ್ಸ್. ಮನೆಯಲ್ಲಿ ನೈಟಿ, ಹೊರಗೆ ಸೀರೆ ಎಂದುಕೊಂಡು, ಯಾರಿಗಾದರೂ ಕಳಿಸುವಾಗ ಡಾಕ್ಸ್ ಉಡಿಸಿ ಕಳಿಸುತ್ತೇನೆ. ಪಿಡಿಎಫ್ ಅಂದರೆ ಪಿನ್ನು ಹಾಕಿದ ಸೀರೆ; ಯಾರು ಜಗ್ಗಿದರೂ ನೆರಿಗೆ ಅಲುಗುವುದಿಲ್ಲ. ಆದರೆ ಕೆಲವು ಕಚೇರಿಗಳಿಗೆ ಪಿನ್ನು ಹಾಕಿದ್ದು ಬೇಡ, ತಾವೇ ತಿದ್ದುವಂಥದ್ದು ಬೇಕು.

ಜೊಯಿಡಾದ ಹುಡುಗಿಯರ ಹಾಸ್ಟೆಲಿಗೆ ಅಡಿಗೆಯವರು ಬೇಕಾಗಿದ್ದಾಗ ಕೇಳಿದ್ದೂ ಹಾಗೆಯೇ: ಅರ್ಜಿ ಡಾಕ್ಸ್‌ನಲ್ಲಿ, ಪೆನ್ ಡ್ರೈವಿನಲ್ಲಿ. ಅರ್ಜಿ ಹಾಕುವವಳು ನಮ್ಮ ಹಿಂದಿನ ಓಣಿಯ ಶಮೀಮ್. ಅವಳು ನನ್ನನ್ನು ಅಕ್ಕಾರ ಎನ್ನುತ್ತಾಳೆ, ನಾನು ಅವಳನ್ನು ಆಪಾ ಎನ್ನುತ್ತೇನೆ. ಎರಡೂ ಅಕ್ಕನೇ; ದೊಡ್ಡವರು ಯಾರೆಂದು ಇಬ್ಬರೂ ವಿಚಾರಿಸಿಲ್ಲ. ಗಂಡ ಗ್ಯಾರೇಜಿನಲ್ಲಿ ಬೆನ್ನು ಹಿಡಿಸಿಕೊಂಡು ಮಲಗಿದ ಮೇಲೆ ಅವಳ ಕೈ ಅಡಿಗೆಯ ಮೇಲೇ ಮನೆ ನಿಂತಿತ್ತು. ಅವಳು ಅಡಿಗೆ ಮಾಡುತ್ತಿದ್ದ ಕ್ಯಾಂಟೀನೂ ಮುಚ್ಚಿತ್ತು. ಈ ಕೆಲಸ ಅವಳಿಗೆ ಬೇಕೇ ಬೇಕಾಗಿತ್ತು.

ನಾನು ಮೂರು ಅಂಕಣ ಮಾಡಿದೆ: ಎಲ್ಲಿ, ಎಷ್ಟು ವರ್ಷ, ಎಷ್ಟು ಮಂದಿಗೆ. ಒತ್ತಿ ಒತ್ತಿ, ಒಂದರ ಕೆಳಗೊಂದು ನೂಲು ಹಿಡಿದ ಹಾಗೆ ನಿಲ್ಲಿಸಿದೆ. ಅರ್ಜಿ ಕೊಡುವ ಕೊನೆಯ ದಿನ ಇಬ್ಬರೂ ಬಸ್ಸು ಹತ್ತಿ ಜೊಯಿಡಾಕ್ಕೆ ಹೋದೆವು.

ಕಚೇರಿಯ ಮೇಡಮ್ಮು ಪೆನ್ ಡ್ರೈವ್ ಚುಚ್ಚಿ, ಪರದೆ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಹಳಿಯಾಳದಾಗ ಐದು ಮಂದಿಗೆ ಎಂಬತ್ತು ವರ್ಷ ಅಡಗಿ ಮಾಡೀರೇನ್ರಿ?"

"ಹಂಗಿದ್ರ ಕೆಲಸ ಬ್ಯಾಡ್ರಿ, ಪೆನ್ಶನ್ ಕೊಡ್ರಿ" ಎಂದಳು ಶಮೀಮ್.

ಬಗ್ಗಿ ನೋಡಿದೆ. ಐದು ಜಾರಿ ಮಂದಿಯ ಕೆಳಗೆ ನಿಂತಿತ್ತು, ಎಂಬತ್ತು ಕೆಳಗಿನ ಸಾಲಿಗೆ ಬಿದ್ದು ವರ್ಷದ ಕೆಳಗೆ ಕೂತಿತ್ತು. ಮುಂಡಗೋಡದವರು ಒಂದು ಸಾಲು ಕೆಳಗಿಳಿದು ದಾಂಡೇಲಿಯ ಕ್ಯಾಂಟೀನಿನ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು. "ಲಿನಕ್ಸಿನಾಗ ಮಾಡಿದ್ದರೀ, ಅದಕ್ಕ ಹಂಗಾಗೇತಿ" ಎಂದೆ, ತಿಳಿದವಳಂತೆ.

ಮೇಡಮ್ಮು ಒಂದು ಗುಂಡಿ ಒತ್ತಿದರು. ಖಾಲಿ ಎಂದುಕೊಂಡಿದ್ದ ಜಾಗದಲ್ಲೆಲ್ಲ ಸಣ್ಣ ಸಣ್ಣ ಚುಕ್ಕಿ ಎದ್ದವು. ನಾನು ಒತ್ತಿದ ಒಂದೊಂದು ಖಾಲಿಗೂ ಒಂದೊಂದು ಚುಕ್ಕಿ.

"ಇದೇನ್ರಿ ಬಾಯಾರ, ರಂಗೋಲಿ ಹಾಕೀರೇನು? ಇದರಾಗ ಲಿನಕ್ಸ್ ಏನ್ ಮಾಡ್ತದ?"

ಆಗ ನನಗೆ ಹೊಳೆಯಿತು. ರಂಗೋಲಿಯ ಚುಕ್ಕಿಗಳ ನಡುವೆ ನಾವು ಬಿಡುವ ಅಂತರ ನಮ್ಮ ಬೆರಳಿನ ಅಳತೆ. ಅರ್ಧಕ್ಕೆ ಬಿಟ್ಟು ಬೇರೆಯವರ ಕೈಗೆ ಕೊಟ್ಟರೆ ಅವರ ಬೆರಳು ಅವರ ಅಳತೆಯದೇ ಹಾಕುತ್ತದೆ. ನನ್ನ ಲ್ಯಾಪ್‌ಟಾಪಿನ ಅಕ್ಷರಶೈಲಿ, ಅಂದರೆ ಫಾಂಟು, ಕಚೇರಿಯ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದು ತನ್ನ ಅಕ್ಷರ ಹಾಕಿಕೊಂಡಿತ್ತು. ಅಕ್ಷರ ದಪ್ಪವಾದವು, ಖಾಲಿ ತೆಳುವಾಯಿತು, ವರ್ಷಗಳು ಜಾರಿದವು. ಪಾಪ, ಲಿನಕ್ಸ್ ನಾನು ಕೊಟ್ಟ ಖಾಲಿಗಳನ್ನು ಒಂದೂ ಬಿಡದೆ ನಿಷ್ಠೆಯಿಂದ ಹೊತ್ತು ತಂದಿತ್ತು.

ಅಲ್ಲೇ ಅವರ ಕಂಪ್ಯೂಟರಿನಲ್ಲಿ ತಿದ್ದಲು ಕೂತೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತಿತ್ತು, ಸಣ್ಣ ಗವಸು ಹಾಕಿದ ಗಾದಿಯ ಹಾಗೆ. ಐದಕ್ಕೆ ಕಚೇರಿ ಮುಚ್ಚುತ್ತದೆ. ಗೋಡೆಯ ಗಡಿಯಾರ ನಾಲ್ಕೂವರೆ ದಾಟಿತ್ತು. ಶಮೀಮಳ ನಗು ನಿಂತಿತ್ತು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

"ಅಕ್ಕಾರ, ಒಂದ ಮಾತ ಕೇಳ್ಲೇನು? ಇವನ್ನ ಬಾಜೂಬಾಜೂನ ಯಾಕ ನಿಂದರಸಬೇಕು? ನಾ ಹೇಳ್ತೇನಿ, ನೀವು ಹೇಳಿದ್ದ ಹೇಳಿದಂಗ ಬರೀರಿ."

ಮೇಡಮ್ಮಿನ ಮುಖ ನೋಡಿದೆ. "ಬರೀರಿ. ತಿಳಿದ್ರ ಸಾಕು" ಎಂದರು.

ಅಂಕಣಗಳನ್ನೆಲ್ಲ ಅಳಿಸಿದೆ. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಹಳಿಯಾಳದಲ್ಲಿ ಎಂಬತ್ತು ಹುಡುಗಿಯರಿಗೆ ಐದು ವರ್ಷ ಅಡಿಗೆ ಮಾಡಿದ್ದೇನೆ. ಮುಂಡಗೋಡದಲ್ಲಿ ಒಂದು ವರ್ಷ, ನಲವತ್ತು ಮಂದಿಗೆ. ದಾಂಡೇಲಿಯ ಕ್ಯಾಂಟೀನಿನಲ್ಲಿ ಮೂರು ವರ್ಷ, ಮುಚ್ಚುವ ತನಕ, ಅರವತ್ತು ಮಂದಿಗೆ. ಗ್ಯಾಸ್ ತೀರಿದ ದಿನ ಕಟ್ಟಿಗೆ ಹಚ್ಚಿ ಮಾಡಿದ್ದೇನೆ. ಜ್ವರ ಬಂದ ಮಕ್ಕಳಿಗೆ ಬೇರೆ ಗಂಜಿ ಇಟ್ಟಿದ್ದೇನೆ. ಊಟ ಒಂದು ದಿನವೂ ತಡವಾಗಿಲ್ಲ.

ಗಂಜಿಗೂ ಕಟ್ಟಿಗೆಗೂ ನನ್ನ ಮೂರು ಅಂಕಣಗಳಲ್ಲಿ ಜಾಗವೇ ಇರಲಿಲ್ಲ.

ಮುದ್ರಿಸಿದ ಹಾಳೆಯನ್ನು ಮೇಡಮ್ಮು ಗಟ್ಟಿಯಾಗಿ ಓದಿದರು. ಶಮೀಮ್ ಬೇರೆ ಯಾರದೋ ಸುದ್ದಿ ಕೇಳುವವಳಂತೆ ಕಿವಿಗೊಟ್ಟು ಕೇಳಿದಳು. ಮುಗಿದ ಮೇಲೆ ಮೆಲ್ಲಗೆ, "ಇಷ್ಟ ಮಂದಿಗೆ ನೀಡೀನೇನ್ರಿ ನಾ?" ಎಂದಳು. ಮೇಡಮ್ಮು ಸೀಲು ಒತ್ತಿದರು.

ಕೆಲಸ ಸಿಕ್ಕಿತು. ಈಗ ಅವಳು ಜೊಯಿಡಾದಲ್ಲೇ ಇರುತ್ತಾಳೆ, ರವಿವಾರ ಮನೆಗೆ ಬರುತ್ತಾಳೆ. ಆಮೇಲೆ ನಾನು ಮೇಷ್ಟ್ರ ಹತ್ತಿರ ಕೂತು ಕೋಷ್ಟಕ ಹಾಕುವುದನ್ನು ಕಲಿತೆ. ಅದು ಈಗ ಓಡಿಟಿಯಲ್ಲೂ ಡಾಕ್ಸ್‌ನಲ್ಲೂ ಜಾರದೆ ನಿಲ್ಲುತ್ತದೆ. ಆದರೂ ಯಾರಾದರೂ ಅರ್ಜಿ ಬರೆಸಲು ಬಂದರೆ ಲ್ಯಾಪ್‌ಟಾಪನ್ನು ಕೂಡಲೇ ತೆರೆಯುವುದಿಲ್ಲ. ಚಹಾಕ್ಕೆ ಇಟ್ಟು, ಎದುರು ಕೂತು, "ಮೊದಲ ಹೇಳ್ರಿ, ಕೇಳ್ತೇನಿ" ಎನ್ನುತ್ತೇನೆ.