ಹಚ್ಚೆಯೊಳಗಿನ ಹಾಲು

ಹಳೇ ಕೆಂಗೇರಿಯ ಮುನಿತಾಯಮ್ಮನ ಬಲಗೈ ತುಂಬ ಹಚ್ಚೆ. ನಡುವೆ ಒಂದು ತೊಟ್ಟಿಲು, ಅದರ ಸುತ್ತ ಚುಕ್ಕಿಗಳು. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಆ ಹಚ್ಚೆಯನ್ನು ಕಣ್ಣಿಗೊತ್ತಿಕೊಳ್ಳುವುದು ಅವಳ ರೂಢಿ. ಯಾಕೆಂದು ಯಾರೂ ಕೇಳಿರಲಿಲ್ಲ. ಮೊಮ್ಮಗಳು ಕೀರ್ತನಾ ಮಾತ್ರ ತನ್ನ ಮಣಿಕಟ್ಟಿನ ಚಿಟ್ಟೆ ಟ್ಯಾಟೂವನ್ನು ಅದರ ಪಕ್ಕಕ್ಕೆ ಹಿಡಿದು ನೋಡಿ, “ನಿಂದೇ ಸೂಪರ್ ಕಣಜ್ಜಿ, ನಂದು ದುಡ್ಡು ದಂಡ” ಎನ್ನುತ್ತಿದ್ದಳು.

ಕೀರ್ತನಾಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ವಿಜಯನಗರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಮಗು. ತಾಯಿಯ ಎದೆಯಲ್ಲಿ ಹಾಲಿಲ್ಲ. ಹಾಲಿನ ಬ್ಯಾಂಕಿನಿಂದ ಬೇರೆ ತಾಯಿಯ ಹಾಲು ತರಿಸಬಹುದು, ನೀವು ಒಪ್ಪಬೇಕು ಎಂದಳು ನರ್ಸ್.

ಕೀರ್ತನಾಳ ಅತ್ತೆ ವಿಮಲಮ್ಮ ಕೈ ಹಿಸುಕಿಕೊಂಡಳು. “ಟೆಸ್ಟ್ ಮಾಡಿರ್ತೀರ, ಗೊತ್ತು ಸಿಸ್ಟರ್. ಆದ್ರೂ ಯಾರ ಹಾಲೋ, ಎಂಥ ಮನೆಯೋರೋ...”

“ಹೆಸರು ಹೇಳೋ ಹಾಗಿಲ್ಲ ಆಂಟಿ. ಬೇಗ ಹೇಳಿ, ಮಗು ಸೋತೋಗಿದೆ.”

ಅತ್ತೆಯನ್ನು ಮೀರಿ ಹೂಂ ಎನ್ನಲಾಗದೆ ಕೀರ್ತನಾ ಅಳತೊಡಗಿದಳು.

ಮುನಿತಾಯಮ್ಮ ಮೊಮ್ಮಗಳ ಪಕ್ಕದಲ್ಲೇ ನಿಂತಿದ್ದಳು. ಚಿಕ್ಕಂದಿನಲ್ಲಿ ಅವ್ವನಿಗಿತ್ತ ಆಣೆಯೊಂದು ಅವಳ ಬಾಯಿ ಕಟ್ಟಿತ್ತು. ಮಗುವಿಗಿಂತ ಆಣೆ ದೊಡ್ಡದೇ ತಾಯಿ ಎಂದು ದೇವಿಯನ್ನು ನೆನೆದು, ಸೆರಗು ಸರಿಸಿ ಕೈ ಚಾಚಿದಳು.

“ಇದನ್ನ ನೋಡಿ ವಿಮಲಮ್ಮ.”

“ಈಗ ಹಚ್ಚೆ ಯಾಕಮ್ಮಾ?”

“ನಾನಾಗ ಸಣ್ಣ ಹುಡುಗಿ. ಹಚ್ಚೆ ಹುಯ್ಯೋಳು, ಮಸಿ ಕಲಸಕ್ಕೆ ಬಾಣಂತಿ ಹಾಲು ತನ್ನಿ ಅಂದ್ಲು. ನಮ್ಮನೇಲಿ ಬಾಣಂತಿ ಇರ್ಲಿಲ್ಲ. ಹೊಲದ ಕೆಲಸಕ್ಕೆ ಬರೋಳೊಬ್ಬಳು ಬೇಲಿ ಆಚೆ ನಿಂತು ಕರಟದಲ್ಲಿ ಹಿಂಡಿ ಕೊಟ್ಲು. ಅವಳನ್ನ ನಾವು ಹೊಸ್ತಿಲು ತುಳಿಸ್ತಿರ್ಲಿಲ್ಲ. ಅವಳು ಮುಟ್ಟಿದ ನೀರು ಕುಡೀತಿರ್ಲಿಲ್ಲ. ಯಾರಿಗೂ ಬಾಯಿ ಬಿಡಬೇಡ ಅಂತ ನಮ್ಮವ್ವ ಆಣೆ ಹಾಕಿಸ್ಕೊಂಡ್ಲು.”

ಕೀರ್ತನಾಳ ಅಳು ನಿಂತಿತು.

“ಆ ಹಾಲು ಈ ಕೈಯೊಳಗೇ ಐತೆ. ಇದೇ ಕೈಯಲ್ಲಿ ದೀಪ ಹಚ್ದೆ, ಮನೆಮಂದಿಗೆಲ್ಲ ಮುದ್ದೆ ಕಟ್ದೆ. ಒಂದು ದಿನಾನೂ ದೇವರು ಮುಖ ತಿರುಗಿಸ್ಲಿಲ್ಲ.”

ವಿಮಲಮ್ಮ ಒಂದು ಚುಕ್ಕಿಯ ಮೇಲೆ ಬೆರಳಿಟ್ಟಳು. ಸುಕ್ಕಿನಡಿ ಅದು ಈಗಲೂ ಹಸಿರಾಗಿತ್ತು. “ಈ ಕೈ ಮುದ್ದೆ ನಾನೂ ತಿಂದಿದೀನಿ” ಎಂದಳು ಮೆಲ್ಲಗೆ. ಬೆರಳು ತೆಗೆಯದೆಯೇ ನರ್ಸಿನತ್ತ ತಿರುಗಿದಳು. “ತನ್ನಿ ಸಿಸ್ಟರ್.”

ಕೀರ್ತನಾ ಕಣ್ಣೊರೆಸಿಕೊಂಡು ಹೂಂ ಎಂದಳು.

ಸಣ್ಣ ನಳಿಕೆಯಲ್ಲಿ ಯಾವುದೋ ತಾಯಿಯ ಹಾಲು ಹನಿಹನಿಯಾಗಿ ಇಳಿಯಿತು. ಮಗುವಿನ ತುಟಿ ಅಲುಗಿತು. ಗಾಜಿನಾಚೆ ಮುನಿತಾಯಮ್ಮ, ವಿಮಲಮ್ಮ ಇಬ್ಬರೂ ಬಗ್ಗಿ ನೋಡುತ್ತಿದ್ದರು.

“ಅವರ ಹೆಸರೇನಮ್ಮ?” ವಿಮಲಮ್ಮ ಕೇಳಿದಳು. “ಕರಟದಲ್ಲಿ ಕೊಟ್ಟೋರು?”

ಮುನಿತಾಯಮ್ಮ ಹಚ್ಚೆಯನ್ನು ಕಣ್ಣಿಗೊತ್ತಿಕೊಂಡಳು. ದಿನವೂ ದೀಪದ ಮುಂದೆ ಬಾಯೊಳಗೇ ಅಂದುಕೊಳ್ಳುತ್ತಿದ್ದ ಹೆಸರು.

“ಹನುಮಕ್ಕ” ಎಂದಳು, ಎಲ್ಲರಿಗೂ ಕೇಳುವಂತೆ.