ಆರು ತಿಂಗಳ ಸೂಜಿ

ಪಕ್ಕದಲ್ಲಿ ಕುಳಿತಿದ್ದಾಕೆ ಸೀನಿದ್ದಷ್ಟೇ. "ಯವ್ವಾ!" ಎಂದು ಚೀರಿ ನನ್ನ ತೊಡೆಯ ಮೇಲೆ ಕುಸಿದಳು. ಬೈಲಹೊಂಗಲದ ಎಲುಬಿನ ದವಾಖಾನೆಯಲ್ಲಿ ಇಬ್ಬರೂ ಸರದಿಗಾಗಿ ಕಾಯುತ್ತಿದ್ದೆವು. ಆಕೆ ಸಿರಸಂಗಿಯವಳು, ನನಗಿಂತ ತುಸು ಹಿರಿಯಳು. ಎಲುಬು ಟೊಳ್ಳಾಗುವ ಕಾಯಿಲೆ ಇಬ್ಬರಿಗೂ ಇತ್ತು. ಅದಕ್ಕೆ ಆರು ತಿಂಗಳಿಗೊಮ್ಮೆ ಸೂಜಿ. ಆಗಷ್ಟೇ ನಾನು ಆಕೆಗೆ, "ನೋವ ಕಡಿಮಿ ಆಗೇತ್ರಿ ಅಕ್ಕಾರ, ಇನ್ನ ಸೂಜಿ ಸಾಕಂತ ಡಾಕ್ಟರಿಗೆ ಹೇಳಾಕ ಬಂದೇನಿ" ಎಂದಿದ್ದೆ. ಆಕೆ ಉತ್ತರ ಕೊಡುವ ಮೊದಲೇ ಸೀನು ಬಂದಿತ್ತು.

ಮಿಸುಕಿದರೆ ಆಕೆಗೆ ಇನ್ನೇನಾದೀತೋ ಎಂದು ಹೆದರಿ ನಾನು ಅಲುಗಾಡದೆ ಕೂತೆ. ಆಕೆಯ ಉಗುರುಗಳು ನನ್ನ ಮೊಣಕಾಲಿಗೆ ನೆಟ್ಟಿದ್ದವು. ಓಡಿ ಬಂದ ಡಾಕ್ಟರು ಬೆನ್ನು ಮುಟ್ಟಿ ನೋಡಿ, ಹೋದ ಸಲದ ಸೂಜಿ ಮಾಡಿಸಿಕೊಂಡಿದ್ದಿರಾ ಎಂದು ಕೇಳಿದರು.

"ಇಲ್ರಿ. ಆರಾಮ ಇದ್ದೆ, ಅದಕ್ಕ ಬಿಟ್ಟೆ" ಎಂದು ಆಕೆ ನರಳಿದಳು.

ಎಕ್ಸ್‌ರೇಯಲ್ಲಿ ಬೆನ್ನೆಲುಬು ಕುಸಿದದ್ದು ಕಂಡಿತು. ಈ ಔಷಧವನ್ನು ನಡುವೆ ಬಿಟ್ಟರೆ ಎಲುಬು ಬೇಗನೆ ಬಲ ಕಳೆದುಕೊಳ್ಳುತ್ತದೆ ಎಂದು ಡಾಕ್ಟರು ಜೊತೆಗೆ ಬಂದಿದ್ದ ಆಕೆಯ ಮಗಳಿಗೆ ಹೇಳುತ್ತಿದ್ದುದು ನನಗೂ ಕೇಳಿಸಿತು. ಬೆಳಗಾವಿಗೆ ಕರೆದೊಯ್ಯಲು ಆಕೆಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿದರು. ನನ್ನ ಮುಂದೆ ಹಾಯುವಾಗ ಆಕೆ ಕಣ್ಣು ತೆರೆದಳು.

"ನೀ ಬಿಡಬ್ಯಾಡ, ತಂಗಿ."

ನನ್ನ ಸರದಿ ಬಂದಾಗ ಸೂಜಿಗೆ ತೋಳು ಚಾಚಿದೆ. ಈಗ ನೋವಿರುವ ದಿನಕ್ಕಿಂತ ನೋವಿಲ್ಲದ ದಿನವೇ ನನಗೆ ಹೆಚ್ಚು ಭಯ. ಒಳಗೆ ಏನಾಗುತ್ತಿದೆ ಎಂದು ಎಲುಬು ಮೊದಲೇ ಹೇಳುವುದಿಲ್ಲ.